ಉಪ್ಪು ನೋಡುವ ಕುರ್ಚಿ

ಕುಂದಾಣದ ಸುತ್ತಮುತ್ತ ಯಾರ ಮನೆಯ ಮದುವೆಯ ನಂತರದ ಬೀಗರೂಟವೇ ಇರಲಿ, ಅಪ್ಪಯ್ಯಣ್ಣ ಉಪ್ಪು ನೋಡದೆ ಬಾಡಿನ ಕೊಪ್ಪರಿಗೆ ಒಲೆಯಿಂದ ಇಳಿಯುತ್ತಿರಲಿಲ್ಲ. ವಿಮಾನ ನಿಲ್ದಾಣ ಬಂದ ಮೇಲೆ ಪೆಂಡಾಲುಗಳು ದೊಡ್ಡವಾದವು, ಕೊಯ್ಯುವ ಕುರಿಗಳು ಹೆಚ್ಚಿದವು, ಅಪ್ಪಯ್ಯಣ್ಣನವರ ಗಾಂಭೀರ್ಯವೂ ಹೆಚ್ಚಿತು. ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಬಟ್ಟಲು ತುಂಬ ಮಟನ್ ಹಾಕಿಸಿಕೊಂಡು, ಕಣ್ಣು ಮುಚ್ಚಿ ಅಗಿಯುತ್ತಿದ್ದರು. ತೀರ್ಪು ಎರಡನೇ ಬಟ್ಟಲಿಗೆ ಮೊದಲು ಎಂದೂ ಬಂದದ್ದಿಲ್ಲ. ಅದೇ ಬೀದಿಯ ಪಿಳ್ಳಣ್ಣನಿಗೆ ಆ ಕುರ್ಚಿಯ ಮೇಲೆ ಬಹಳ ವರ್ಷಗಳಿಂದ ಕಣ್ಣಿತ್ತು.

ಹೋದ ವರ್ಷ ಅಪ್ಪಯ್ಯಣ್ಣನವರ ಮಲದಲ್ಲಿ ರಕ್ತ ಕಂಡಿತು. ಆಸ್ಪತ್ರೆಯಲ್ಲಿ ದೊಡ್ಡ ಕರುಳಿಗೆ ಕ್ಯಾಮೆರಾ ಬಿಟ್ಟು ನೋಡಿ, ಸಣ್ಣದೊಂದು ಗಂಟನ್ನು ತೆಗೆದರು. ಇದು ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು ಎಂದರು ಡಾಕ್ಟರ್ ಭಾನುಪ್ರಿಯಾ. ಕುರಿ, ಮೇಕೆಯಂಥ ಕೆಂಪು ಮಾಂಸ ತಿಂದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ಆದರೆ ಹೆಚ್ಚು ತಿಂದಷ್ಟೂ ಕರುಳಿನ ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ ಎಂದು ವಿವರಿಸಿ, ವಾರಕ್ಕೆ ಎಷ್ಟು ತಿನ್ನುತ್ತೀರಿ ಎಂದು ಕೇಳಿದರು.

"ಭಾನುವಾರ ಒಂದಿನ, ಅಷ್ಟೇಯ."

"ಬೀಗ್ರೂಟದ ಬಟ್ಲು ಲೆಕ್ಕಕ್ಕಿಲ್ವಾ?" ಎಂದರು ಪಕ್ಕದಲ್ಲಿದ್ದ ಹೆಂಡತಿ ಅಮ್ಮಯಮ್ಮ.

"ಅದು ತಿನ್ನೋದಲ್ಲ ಕಣೇ, ಉಪ್ಪು ನೋಡೋದು."

"ಯಜಮಾನ್ರೇ, ಆ ವ್ಯತ್ಯಾಸ ನಿಮ್ಮ ಕರುಳಿಗೆ ಗೊತ್ತಾಗಲ್ಲ," ಎಂದರು ಡಾಕ್ಟರ್.

ಹೊರಗೆ ಬಂದಾಗ ಅಪ್ಪಯ್ಯಣ್ಣನವರನ್ನು ಕಾಡುತ್ತಿದ್ದದ್ದು ಕರುಳಲ್ಲ, ಕುರ್ಚಿ. ಬಟ್ಟಲು ಬಿಟ್ಟರೆ ಪಿಳ್ಳಣ್ಣ ಕೂರುತ್ತಾನೆ. ಬಹಳ ಯೋಚಿಸಿ, ತುಂಡನ್ನು ಬಾಯಿಗೆ ಹಾಕದೆಯೇ ತೀರ್ಪು ಕೊಡುವುದೆಂದು ನಿಶ್ಚಯಿಸಿದರು.

ಅದೇ ಊರಿನ ದೇವೇಂದ್ರನ ಮಗನ ಬೀಗರೂಟದಲ್ಲಿ ಅದರ ಪರೀಕ್ಷೆಯೂ ಆಯಿತು. ಅಂಗೈಗೆ ಬಿದ್ದ ಸಾರಿನ ಹನಿಯನ್ನು ನೆಕ್ಕಿ, ಉಪ್ಪು ಸರಿಯಿದೆ ಎಂದರು. ಸೌಟಿನಿಂದ ಒಂದು ತುಂಡೆತ್ತಿ, ಎರಡು ಬೆರಳಲ್ಲಿ ಒತ್ತಿ, ಚಿನ್ನದಂಗಡಿಯವನಂತೆ ಬೆಳಕಿಗೆ ಹಿಡಿದರು.

"ಬೆಂದೈತೆ, ಇಳ್ಸು."

"ಅಣ್ಣ, ಬಾಯಿಗೊಂಚೂರು ಹಾಕ್ಕೊಂಡು ನೋಡಿ," ಎಂದ ಅಡಿಗೆಯ ಜವರಪ್ಪ.

"ಎಷ್ಟು ವರ್ಷದ ಬೆರಳಯ್ಯ ಇದು."

ಆ ಬೆರಳಿಗೆ ಸಿಕ್ಕಿದ್ದು ಎಲ್ಲಕ್ಕಿಂತ ಬೇಗ ಬೇಯುವ ಲಿವರಿನ ತುಂಡು. ಉಳಿದದ್ದು ಇನ್ನೂ ಬೇಯಬೇಕಿತ್ತು.

ಪಂಕ್ತಿಯಲ್ಲಿ ಕೂತ ಹೊಸಕೋಟೆಯ ಬೀಗರು ಮಾತು ನಿಲ್ಲಿಸಿ ಅಗಿಯತೊಡಗಿದರು. ಅವರ ಹಿರಿಯ ಮುನಿವೆಂಕಟಪ್ಪನವರು ಮುದ್ದೆ ಮುಗಿಯುವವರೆಗೂ ಒಂದೇ ತುಂಡನ್ನು ಅಗಿದು, ಕೊನೆಗೆ ಅದನ್ನು ಎಲೆಯ ಅಂಚಿಗೆ ಇಟ್ಟರು. ಸಾಲಿಗೆ ಸಾಲೇ ಹಾಗೆ ಮಾಡಿತು. ಬೆವರುತ್ತಿದ್ದ ದೇವೇಂದ್ರ ಒಲೆಯತ್ತ ನೋಡಿದ. ಅಪ್ಪಯ್ಯಣ್ಣ ಎದ್ದು, ಡಾಕ್ಟರು ಹೇಳಿದ್ದನ್ನೆಲ್ಲ ತಾವೇ ಕಂಡುಹಿಡಿದವರಂತೆ ಪಂಕ್ತಿಗೆ ವಿವರಿಸಿ, ಮಟನ್ ಕಡಿಮೆ ತಿಂದಷ್ಟೂ ಬೀಗರಿಗೆ ಒಳ್ಳೆಯದೆಂದು ಮುಗಿಸಿದರು.

ಮುನಿವೆಂಕಟಪ್ಪನವರು ಸಾವಧಾನವಾಗಿ ಕೇಳಿಸಿಕೊಂಡರು. "ಕಮ್ಮಿ ತಿನ್ನಕ್ಕೆ ನಾವೇನ್ ಬ್ಯಾಡ ಅಂದ್ವಾ ಸ್ವಾಮಿ? ತಿನ್ನೋ ಒಂದು ತುಂಡಾದ್ರೂ ಬೆಂದಿರಬೇಕಲ್ಲ."

ಮುಂದಿನ ಬೀಗರೂಟದಲ್ಲಿ ಕುರ್ಚಿಯಲ್ಲಿ ಪಿಳ್ಳಣ್ಣನಿದ್ದ. ಅಪ್ಪಯ್ಯಣ್ಣ ಅವನ ಪಕ್ಕ ನಿಂತು, ತುಂಡು ಬಾಯಿಗೆ ಹೋಗುವ ಹೊತ್ತಿಗೆ ಸರಿಯಾಗಿ ಕರುಳಿನ ಗಂಟು, ರಕ್ತ, ಕ್ಯಾಮೆರಾ ಎಲ್ಲಿಂದ ಬಿಟ್ಟರು ಎಂಬುದನ್ನೆಲ್ಲ ವರ್ಣಿಸಿದರು. ಪಿಳ್ಳಣ್ಣ ಅರ್ಧ ತುಂಡಿಗೇ "ಬೆಂದೈತೆ" ಎಂದು ಬಟ್ಟಲಿಟ್ಟು ಎದ್ದುಹೋದ. ಬೆಂದಿತ್ತು ಕೂಡ. ಖಾಲಿಯಾದ ಕುರ್ಚಿಯಲ್ಲಿ ಅಪ್ಪಯ್ಯಣ್ಣ ಕೂತು, ಕೊಪ್ಪರಿಗೆ ಇಳಿಸಲು ಜವರಪ್ಪನಿಗೆ ಕೈಸನ್ನೆ ಮಾಡಿದರು.