ಎದುರಿಗೆ ಕುಳಿತವರ ಊರಿನ ಶಾವಿಗೆ

ಹಿಟ್ಟು ಬೇಯುವ ವಾಸನೆ ಮೂಗಿಗೆ ಬಂದಾಗ ನಾಗಪುರದ ಮನೀಶ್ ನಗರದ ನನ್ನ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು, ನಾನು ಮತ್ತು ರಜೆಗೆ ಬಂದಿದ್ದ ಮೊಮ್ಮಗಳು. ಒಲೆಯ ಮೇಲೆ ಅವಳ ಪಾಸ್ತಾ ಕುದಿಯುತ್ತಿತ್ತು. ಮೊಬೈಲು ನೋಡುತ್ತ, "ಅಜ್ಜಿ, ಇದನ್ನ ಯಾರೋ ವ್ಯಾಪಾರಿ ಚೀನಾದಿಂದ ಇಟಲಿಗೆ ಒಯ್ದಾ ಅಂತಾರ. ಆದ್ರ ಅದು ಬರೇ ಕಥಿ ಅಂತ, ಅವ ಬರೂಕಿಂತ ಮೊದಲ ಅಲ್ಲಿ ತಿಂತಿದ್ರಂತ," ಅಂದಳು. ಸುಳ್ಳು ಕಥೆ ಯಾಕೆ ಕಟ್ಟುತ್ತಾರೆ ಅಂತ ಅವಳಿಗೆ ಆಶ್ಚರ್ಯ. ನನಗೆ ಕಾಕು ನೆನಪಾದರು...

ಹಿಂದೆ ನಾವಿದ್ದ, ಇದೇ ಊರಿನ ಸದರ್ ಕಡೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆ ಅವರದು; ಎಲ್ಲರೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಇಂಡಿ ಕಡೆಯವರು. ಗಂಡ ತೀರಿದ ಮೇಲೆ ಅವರ ಇಲಾಖೆಯಲ್ಲೇ ಕೆಲಸಕ್ಕೆ ಸೇರಿ ಒಬ್ಬರೇ ಉಳಿದಿದ್ದರು. ಮಕ್ಕಳಿರಲಿಲ್ಲ. ನಾಗಪುರದ ಬಿಸಿಲು ಏರಿತೆಂದರೆ ಅವರ ಶಾವಿಗೆ ಮಣೆ ಹೊರಗೆ ಬರುತ್ತಿತ್ತು. ಗೀರು ಕೊರೆದ ಉದ್ದ ಹಲಗೆಯ ಮೇಲೆ ಕುಳಿತು ಅಂಗೈಯಿಂದ ಹಿಟ್ಟು ಹೊಸೆದರೆ ಕೆಳಗಿನ ತುದಿಯಲ್ಲಿ ಎಳೆ ಇಳಿಯುತ್ತಿತ್ತು. ಅದನ್ನು ಹಿಡಿದು ಕೋಲಿಗೆ ಹಾಕಲು ಎದುರಿಗೆ ಒಬ್ಬರು ಬೇಕೇ ಬೇಕು. ಒಂಟಿ ಕೈಯ ಕೆಲಸವಲ್ಲ ಅದು.

ಆ ಒಬ್ಬರನ್ನು ಕೂರಿಸಲು ಕಾಕು ಕಥೆ ಹೇಳುತ್ತಿದ್ದರು. ಮೇಲಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ವಹಿನಿ ಎನ್ನುತ್ತಿದ್ದವರು, ಕುಳಿತರೆ ಶಾವಿಗೆ ವಿದರ್ಭದ ಗೋಧಿ ಹೊಲದಲ್ಲಿ ಹುಟ್ಟಿದ್ದು. ಚರ್ಚ್ ಶಾಲೆಯ ಟೀಚರ್ ಕುಳಿತರೆ ಪಾದ್ರಿಗಳ ಪೆಟ್ಟಿಗೆಯಲ್ಲಿ ಹಡಗು ಹತ್ತಿ ಬಂದದ್ದು. ನಾನು ಕುಳಿತರೆ ನನ್ನೂರು ಧಾರವಾಡದ ಅತ್ತೆಯೊಬ್ಬಳು ಸೊಸೆಯ ಕೂದಲು ಬಾಚುತ್ತ ಕಂಡುಹಿಡಿದದ್ದು! ಇದರಲ್ಲಿ ಖರೆ ಯಾವುದು ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಎದುರಿಗೆ ಕುಂತಾಕಿ ಊರಿಂದ ಬಂದದ್ದ ಖರೆ. ಇಲ್ಲಂದ್ರ ಮಧ್ಯಾಹ್ನದ ತನಕಾ ಯಾರ್ ಕುಂಡ್ರತಾರವಾ?"

ಆಮೇಲೆ ವರ್ಗಾವಣೆಗಳು ಶುರುವಾದವು. ವಹಿನಿ ಹೋದರು, ಟೀಚರ್ ಹೋದರು, ಕೊನೆಗೆ ನಮಗೂ ಭುಸಾವಳಕ್ಕೆ ಆರ್ಡರ್ ಬಂತು. ಸಾಮಾನು ಕಟ್ಟಿ, ಹೇಳಿ ಹೋಗೋಣವೆಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಕಾಕು ಮಣೆಯ ಮೇಲಿದ್ದರು. ಎದುರಿಗೆ ಒಂದು ಖಾಲಿ ಕುರ್ಚಿ, ಅದರ ಕೈಗಳ ಮೇಲೆ ಅಡ್ಡ ಇಟ್ಟ ಕೋಲು. ಎಳೆ ಕೋಲಿನ ತನಕ ಮುಟ್ಟದೆ ನೆಲಕ್ಕೆ ಬಿದ್ದು ಮುದ್ದೆಯಾಗುತ್ತಿತ್ತು. ಅವರು ಕುರ್ಚಿಗೆ ಮೆಲ್ಲಗೆ ಹೇಳುತ್ತಿದ್ದರು... ಜಗತ್ತಿನಲ್ಲಿ ಮೊದಲು ಶಾವಿಗೆ ಹೊಸೆದವಳು ಅವರವ್ವನಂತೆ.

ನನ್ನನ್ನು ಕಂಡದ್ದೇ ಮಾತು ಬದಲಿಸಿದರು. "ಬಾರವಾ. ಅದ ಹೇಳಾಕತ್ತಿದ್ದೆ, ನಿಮ್ಮ ಧಾರವಾಡದಾಗ ಒಬ್ಬಾಕಿ ಅತ್ತಿ..."

ಕುರ್ಚಿ ಸರಿಸಿ ಕೋಲು ಹಿಡಿದು ಕುಳಿತೆ. "ಬ್ಯಾಡ್ರಿ ಕಾಕು. ನಿಮ್ಮವ್ವಂದ ಹೇಳ್ರಿ."

ಅವರು ಹೊಸ ಹಿಟ್ಟಿನ ಉಂಡೆ ತೆಗೆದುಕೊಂಡರು. ಆಮೇಲೆ ಹೇಳಿದರು, ಹಿಟ್ಟು ಮುಗಿಯುವವರೆಗೂ.

ಮುಂದಿನ ಬೇಸಿಗೆಯಲ್ಲಿ ಆ ಮಣೆ ರೈಲ್ವೆ ಪಾರ್ಸೆಲ್ಲಿನಲ್ಲಿ ಭುಸಾವಳಕ್ಕೆ ಬಂತು. ಕಳಿಸಿದವನು ಕಾಕುವಿನ ತಮ್ಮನ ಮಗ. ಕಾಕು ತೀರಿಕೊಂಡರು, ಇದನ್ನು ನಿಮಗೆ ಮುಟ್ಟಿಸಲು ಹೇಳಿದ್ದರು ಎಂದು ಫೋನಿನಲ್ಲಿ ತಿಳಿಸಿದ. ನಾವು ನಾಗಪುರಕ್ಕೆ ಮರಳಿದಾಗ ಮಣೆಯೂ ಜೊತೆಗೆ ಬಂತು.

ಇಷ್ಟೆಲ್ಲ ಹೇಳುವಷ್ಟರಲ್ಲಿ ಪಾಸ್ತಾ ಬೆಂದಿತ್ತು. ಮೊಮ್ಮಗಳು ತಿಂದು, ಮರುದಿನ ಪುಣೆಯ ಗಾಡಿ ಹತ್ತಿದಳು. ಸ್ಟೇಷನ್ನಿನಿಂದ ಮನೆಗೆ ಬಂದವಳು ಅಟ್ಟದ ಮೇಲಿನ ಮಣೆ ಇಳಿಸಿ ಒರೆಸಿದೆ. ಹಿಟ್ಟು ನಾದಿಟ್ಟೆ. ಆಮೇಲೆ ಎದುರಿಗೆ ಒಂದು ಕುರ್ಚಿ ಎಳೆದುಕೊಂಡೆ.