ಪಾಸ್‌ವರ್ಡ್ ಫೈಲಿಗೆ ಹಾಕಿದ ಬೀಗ

ನನ್ನ ಗಂಡನಿಗೂ ಅವನ ಅಣ್ಣನಿಗೂ ಇಲ್ಲಿ ಏಕವಚನವೇ. ಯಾಕೆಂದು ಓದಿದರೆ ತಿಳಿಯುತ್ತದೆ.

ಕೊಟ್ಟೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ರಕ್ತಪರೀಕ್ಷೆಯ ಲ್ಯಾಬ್ ನಡೆಸುತ್ತೇನೆ. ಹಿಂದೆ ಸಂಸಾರ: ಗಂಡ, ಅತ್ತೆ, ಭಾವ, ಅವನ ಹೆಂಡತಿ. ಎಲ್ಲಕ್ಕೂ ಇಂಟರ್‌ನೆಟ್ ಒಂದೇ. ಅದಕ್ಕೇ ಹಳೆಯ ಕಂಪ್ಯೂಟರೊಂದನ್ನು ಫೈರ್‌ವಾಲ್ ರೂಟರ್ ಮಾಡಿ ನಡುವೆ ಕೂರಿಸಿದ್ದೆ. ಮನೆಯವರ ಮೊಬೈಲುಗಳು ಒಂದು ಕಡೆ, ರೋಗಿಗಳ ರಿಪೋರ್ಟುಗಳು ಇನ್ನೊಂದು ಕಡೆ; ಪಾಸ್‌ವರ್ಡ್ ಇಲ್ಲದೆ ಆಚೆಯಿಂದ ಈಚೆಗೆ ದಾರಿಯಿಲ್ಲ. ಪಾಸ್‌ವರ್ಡುಗಳೆಲ್ಲ ಅದರೊಳಗಿನ ಒಂದು ಫೈಲಿನಲ್ಲಿದ್ದವು. ಅದನ್ನು ನಾನು, ಗಂಡ ಇಬ್ಬರೇ ತೆರೆಯುವಂತೆ ಮಾಡಿದ್ದೆ. ಕಟ್ಟಿಕೊಂಡವನನ್ನು ನಂಬದೆ ಇರಲಾಗುತ್ತದೆಯೇ?

ಭಾವನಿಗೆ ಇದು ಮೊದಲಿನಿಂದಲೂ ಕಣ್ಣುರಿ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು.

"ಒಂದ ಒಲಿ ಮ್ಯಾಲಿಂದು ಉಣ್ಣೋರ ನಡುವ ಎಂಥಾ ಬೀಗವ್ವಾ? ನಾವೇನು ಕಳ್ಳರ?"

ಅಣ್ಣನ ಕೊಂಕು ತಾಳಲಾರದೆ ಗಂಡ ಒಂದು ದಿನ, ನಾನಿಲ್ಲದಾಗ, ಆ ಫೈಲನ್ನು ಮನೆಯವರೆಲ್ಲ ಓದುವಂತೆ ತೆರೆದಿಟ್ಟ. ನನಗೆ ಹೇಳಲೂ ಇಲ್ಲ.

ನಮ್ಮ ಓಣಿಯ ಹುಡುಗಿಯೊಬ್ಬಳನ್ನು ಭಾವನ ಹೆಂಡತಿಯ ತಮ್ಮನಿಗೆ ತರುವ ಮಾತು ನಡೆದಿತ್ತು. ಭಾವ ಆ ಫೈಲಿನಲ್ಲಿ ಸಿಕ್ಕ ಪಾಸ್‌ವರ್ಡ್ ಹಾಕಿ, ಲ್ಯಾಬಿನ ಕಂಪ್ಯೂಟರಿಗೆ ನುಗ್ಗಿ ಅವಳ ರಿಪೋರ್ಟ್ ಓದಿದ. ಥೈರಾಯ್ಡ್. ದಿನಾ ಬೆಳಗ್ಗೆ ಮಾತ್ರೆ ನುಂಗಿದರೆ ಮುಗಿಯುವ ಸಂಗತಿ. ಅಷ್ಟಕ್ಕೇ ಸಂಬಂಧ ಮುರಿದರು. ಅದೂ ಸಾಲದೆಂದು "ಹುಡುಗಿಗೆ ಏನೋ ಬ್ಯಾನಿ ಐತಂತ" ಎಂದು ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು.

ಸುದ್ದಿ ಕಿವಿಗೆ ಬಿದ್ದಾಗ ನೇರ ಭಾವನ ಮುಂದೆ ಹೋಗಿ ನಿಂತೆ. ಅವನಿಗೆ ನಾಚಿಕೆಯಾದರೂ ಇತ್ತೇ? "ಮದ್ಲ ಗೊತ್ತಾತು, ಛಲೋ ಆತು" ಎಂದು ಎಲೆಅಡಿಕೆ ಮೆಲ್ಲುತ್ತಿದ್ದ. ನನ್ನನ್ನು ಬಿಟ್ಟರೆ ಆ ಫೈಲು ತೆರೆಯಬಲ್ಲವನು ಗಂಡನೊಬ್ಬನೇ; ಅವನನ್ನು ಹಿಡಿದು ಕೇಳಿದೆ.

"ಅಣ್ಣ ಹಿಂಗ ಮಾಡ್ತಾನಂತ ನನಗೇನು ಕನಸು ಬಿದ್ದಿತ್ತೇನು?" ಅಂದ.

"ಬೇಲಿನ ಎದ್ದು ಹೊಲ ಮೇದೈತಿ. ಇನ್ನ ಕನಸಿನ ಮಾತ್ಯಾಕ್ರಿ?"

ಪಾಸ್‌ವರ್ಡುಗಳನ್ನೆಲ್ಲ ಆಗಲೇ ಬದಲಿಸಿದೆ. ಫೈಲು ನನ್ನೊಬ್ಬಳಿಗೇ ತೆರೆಯುವಂತೆ ಬಿಗಿ ಮಾಡಿದೆ. ಗಂಡ ಪಕ್ಕದಲ್ಲೇ ನಿಂತಿದ್ದ.

"ನನಗೂ ಇಲ್ಲೇನು?"

"ಮದ್ಲು ನಿಮಗ ಇಲ್ಲ."

ಅತ್ತೆ ಕೆಲವು ದಿನ ನನ್ನ ಕೂಡ ಮಾತು ಬಿಟ್ಟರು. ಬಿಡಲಿ.

ಆ ಹುಡುಗಿ ಕೆಲವು ತಿಂಗಳಿಗೊಮ್ಮೆ ಪರೀಕ್ಷೆಗೆ ಬರುತ್ತಿದ್ದಳು. ಈ ಸಲ ಬರಲಿಲ್ಲ. ಬಸ್ ನಿಲ್ದಾಣದಲ್ಲಿ ಕಂಡಾಗ ನಾನೇ ತಡೆದು, "ಬಾರವ್ವಾ, ಈಗ ಎಲ್ಲಾ ಬಿಗಿ ಮಾಡೀನಿ. ಯಾರೂ ನೋಡಂಗಿಲ್ಲ" ಅಂದೆ.

ನಾಲ್ಕು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

"ಇರ್ಲಿ ಬಿಡ್ರಿ ಅಕ್ಕಾರ. ಹರಪನಹಳ್ಳ್ಯಾಗ ಮಾಡಿಸ್ತೀನಿ. ಅಲ್ಲಿ ನನ್ನ ಗುರ್ತು ಯಾರಿಗೂ ಇಲ್ಲ" ಎಂದು ಬಸ್ ಹತ್ತಿದಳು.