ಹೊಳೆಗೆ ಬಿಟ್ಟ ಸಾಂಗತ್ಯ

ದೇವದುರ್ಗದ ಬಸ್ಸು ರಾಯಚೂರಿನಿಂದ ಬೆಳಿಗ್ಗೆಯೇ ಹೊರಡಬೇಕಿತ್ತು. ಹೊರಟಾಗ ಬಿಸಿಲು ನೆತ್ತಿಗೆ ಬಂದಿತ್ತು. ಯುದ್ಧ ಶುರುವಾದಾಗಿನಿಂದ ಪೆಟ್ರೋಲಿಗೆ ಬರ. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಕ್ಲೀನರ್ ಗಾಳಿ ಊದಿ ಊದಿ ಬೆವರಿಳಿಸಿದ ಮೇಲೆ ಅದು ಕೆಮ್ಮುತ್ತ ಎದ್ದಿತು. ನಮ್ಮ ಸಂಸ್ಥಾನದ ನಾಣ್ಯ ಹಾಲಿ ಸಿಕ್ಕಾದಲ್ಲಿ ಹನ್ನೆರಡಾಣೆ ಕೊಟ್ಟು, ಕಾಲಿಡಲು ಜಾಗವಿಲ್ಲದೆ ಮೂವತ್ತು ಮೈಲಿಗೂ ಹೆಚ್ಚು ದಾರಿ ಕುಲುಕಿಸಿಕೊಂಡು ಹೋದೆ.

ನಾನು ಶಾಲಾ ಮಾಸ್ತರ. ಕನ್ನಡದ ಹುಡುಗರಿಗೆ ಭೂಗೋಳವನ್ನೂ ಗಣಿತವನ್ನೂ ಉರ್ದುವಿನಲ್ಲಿ ಕಲಿಸುವುದು ಸರಕಾರ ಕೊಟ್ಟ ಕೆಲಸ. ಹಳಗನ್ನಡದ ಶಾಸನಗಳಿಂದ ಇಂದಿನ ಕವಿತೆಯವರೆಗೆ ಕನ್ನಡ ಸಾಹಿತ್ಯದ ಚರಿತ್ರೆ ಬರೆಯುವುದು ನಾನೇ ತಲೆಯ ಮೇಲೆ ಹೊತ್ತುಕೊಂಡ ಕೆಲಸ. ದೂರದ ಊರಿನ ಪಂಡಿತರು ಬರೆದ ಚರಿತ್ರೆಗಳಲ್ಲಿ ನಮ್ಮ ಸೀಮೆಗೆ ಸಿಕ್ಕಿದ್ದು ಅರ್ಧ ಪುಟ. ಅದನ್ನು ಓದಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಇಲ್ಲಿಯ ಹೆಣ್ಣುಮಗಳೊಬ್ಬಳು ಬಹಳ ಹಿಂದೆ ಒಂದು ಸಾಂಗತ್ಯ ಕಾವ್ಯ ಕಟ್ಟಿ ಹಾಡಿದ್ದಳೆಂದು ಹಿರಿಯರಿಂದ ಕೇಳಿದ್ದೆ. ಅದರ ಓಲೆಗರಿಯ ಪ್ರತಿಗಳು ಎರಡೇ: ಒಂದು ದೇವದುರ್ಗದಲ್ಲಿ, ಒಂದು ಮಾನ್ವಿಯಲ್ಲಿ. ಬೇಸಿಗೆ ರಜೆಯಲ್ಲಿ ಎರಡನ್ನೂ ನಕಲು ಮಾಡಿಕೊಳ್ಳಬೇಕೆಂದು ಹೊರಟಿದ್ದೆ.

ದೇವದುರ್ಗದಲ್ಲಿ ಓಲೆಗರಿ ಇದ್ದ ಮನೆಗೆ ಬೀಗ ಬಿದ್ದಿತ್ತು. ಎದುರಿನ ಜವಳಿ ಅಂಗಡಿಯ ಖಾದರಸಾಬರು ಕರೆದು ಕೂರಿಸಿ ಚಹಾ ತರಿಸಿದರು. ಓಲೆಗರಿಯ ಮಾತೆತ್ತಿದ್ದೇ ತಡ, ಅವರ ಮುಖ ಅರಳಿತು.

"ಅದಾ? ಗರಿ ಮುರದು ಭಿನ್ನ ಆಗಿತ್ತಂತ್ರಿ. ಹ್ವಾದ ಏಕಾದಶಿಗೆ ಪೂಜಿ ಮಾಡಿ ಕೃಷ್ಣಾ ಹೊಳಿಗೆ ಬಿಟ್ಟು ಬಂದ್ರು. ಗಾಡಿ ನಮ್ದೇ. ಪುಣ್ಯದ ಕೆಲಸ ಅಂದ್ರು, ಬಾಡಿಗಿ ಸೈತ ಮುಟ್ಟಲಿಲ್ಲ ನಾನು."

ನನ್ನ ಬಾಯಿಂದ ಏನೇನು ಹೊರಟಿತೋ ಇಲ್ಲಿ ಬರೆಯಲಾರೆ. ಮೂಗು ಮುರಿದ ವಿಗ್ರಹವನ್ನು ನೀರಿಗೆ ಬಿಡುವುದು ನಮ್ಮ ಕಡೆಯ ಪದ್ಧತಿ. ಕೈಬರಹದ ಪುಸ್ತಕಕ್ಕೂ ಅದೇ ಗತಿ ಕಾಣಿಸುತ್ತಾರೆಂದು ಗೊತ್ತಿರಲಿಲ್ಲ. ಅಂಥ ಪ್ರತಿ ಇನ್ನೊಂದೇ ಉಳಿದಿದೆ ಎಂದಾಗ ಖಾದರಸಾಬರು ಚಹಾದ ಬಸಿಯನ್ನು ಕೆಳಗಿಟ್ಟರು.

"ನಮ್ಮ ಮಂದ್ಯಾಗೂ ಹರದ ಕುರಾನಿನ ಹಾಳಿ ಹೊಳಿಗೆ ಬಿಡ್ತೀವ್ರಿ ಮಾಸ್ತರ. ಆದ್ರ ಕುರಾನ್ ಮನಿಮನ್ಯಾಗ ಅದ. ಇವು ಎರಡ ಇದ್ವು ಅಂತ ನನಗ್ಯಾರು ಹೇಳಿದ್ರು? ನಡೀರಿ, ಅದೇ ಗಾಡಿ ಹೂಡಸ್ತೀನಿ. ಮಾನ್ವಿದಾದ್ರೂ ಉಳಿಸ್ಕೋರಿ."

ಸಿರವಾರದಲ್ಲಿ ರಾತ್ರಿ ತಂಗಿದ್ದು, ರೊಟ್ಟಿ ಪುಂಡಿಪಲ್ಯ ತಿಂದು ಮರುದಿನ ಮಾನ್ವಿ ಸೇರಿದೆ. ಕರಿ ಹೊಲ ಬಿಸಿಲಿಗೆ ಬಾಯಿ ಬಿಟ್ಟಿತ್ತು, ಎತ್ತುಗಳಿಗೆ ನೀರು ಸಿಕ್ಕಿದ್ದು ಒಂದೇ ಕಡೆ. ಪ್ರತಿ ಇಟ್ಟುಕೊಂಡಿದ್ದ ವಾಮನಾಚಾರ್ಯರ ಮನೆ ಗುಡಿಯ ಬೀದಿಯಲ್ಲಿತ್ತು. ಆಚಾರ್ಯರು ಮೃದು ಮಾತಿನವರು, ಉಪಚಾರದಲ್ಲಿ ಎತ್ತಿದ ಕೈ. ಓಲೆಗರಿಯ ಕಟ್ಟು ಅವರ ದೇವರ ಮನೆಯಲ್ಲಿಯೇ ಇತ್ತು. ನನಗೆ ಜೀವ ಬಂದಂತಾಯಿತು.

"ಆದ್ರ ತುದಿ ಮುರದಾವ್ರಿ," ಎಂದರು. "ಭಿನ್ನ ಆದದ್ದು ಮನ್ಯಾಗ ಇಡಬಾರದು. ಈ ಏಕಾದಶಿಗೆ ತುಂಗಭದ್ರಾಕ್ಕ ಬಿಡಾವ್ರು ಅದೀವಿ."

ನಾನು ಕೈ ಮುಗಿದು, ಬರೆದುಕೊಳ್ಳುವವರೆಗಾದರೂ ಇಟ್ಟುಕೊಳ್ಳಿ ಎಂದೆ, ಒಪ್ಪಲಿಲ್ಲ. ಕೊಂಡುಕೊಳ್ಳುತ್ತೇನೆ ಎಂದೆ, ದೇವರನ್ನು ಮಾರುತ್ತಾರೇನ್ರಿ ಎಂದರು. ಕಡೆಗೆ ಸಿಟ್ಟಿನ ಭರದಲ್ಲಿ ಕೇಳಿಯೇಬಿಟ್ಟೆ: "ಮನೆಯಲ್ಲಿ ಹಿರಿಯರಿದ್ದಾರಲ್ಲ, ಅವರ ಹಲ್ಲು ಬಿದ್ದರೆ ಅವರನ್ನೂ ಹೊಳೆಗೆ ಬಿಡುತ್ತೀರಾ?"

ಒಳಗಿನಿಂದ ನಗು ಕೇಳಿತು. ಆಚಾರ್ಯರ ತಾಯಿ ಬಾಗಿಲಿಗೆ ಬಂದರು, ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. "ಖರೇ ಅದ ಬಿಡೋ ವಾಮನಾ. ನಾನೂ ಭಿನ್ನ ಆಗೀನಿ. ಬರಕೊಳ್ಳಲಿ ಪಾಪ, ಇಷ್ಟು ದೂರದಿಂದ ಬಂದಾನ!"

ಬರೆದುಕೊಳ್ಳಲು ಒಪ್ಪಿದರು, ತಮ್ಮ ಕ್ರಮದಲ್ಲಿ. ಕಟ್ಟನ್ನು ನಾನು ಮುಟ್ಟುವಂತಿಲ್ಲ. ಆಚಾರ್ಯರು ಸ್ನಾನ, ಪೂಜೆ ಮುಗಿಸಿ, ಮಡಿಯಲ್ಲಿ ಕೂತು ಓದಬೇಕು. ನಾನು ಹೊಸ್ತಿಲಾಚೆ ಪಡಸಾಲೆಯಲ್ಲಿ ಕೂತು ಬರೆಯಬೇಕು. ಊಟಕ್ಕೆ ಎಲೆ ಹಾಕಿದರೆ ಓದು ಮುಗಿಯಿತು, ಮತ್ತೆ ಮರುದಿನವೇ. ಅವರು ಓದುತ್ತಿದ್ದುದಾದರೂ ಹೇಗೆ! ಒಂದೊಂದು ಪದ್ಯಕ್ಕೂ ತಲೆದೂಗಿ, ರಾಗ ಎಳೆದು, ಮತ್ತೊಮ್ಮೆ ಹೇಳಿ, ಕಣ್ಣೊರೆಸಿಕೊಂಡು. ಇಷ್ಟು ಪ್ರೀತಿ ಇರುವವರು ನೀರಿಗೆ ಹೇಗೆ ಹಾಕುತ್ತಾರೆ?

ಕಾವ್ಯ ಮಾತ್ರ ಬಂಗಾರ. ದಂಡಿಗೆ ಹೋದ ಗಂಡನನ್ನು ಹುಡುಕಿಕೊಂಡು ಒಬ್ಬಳು ನಡೆದು ಹೊರಡುತ್ತಾಳೆ. ರಾಜರ ಹೊಗಳಿಕೆ ಇಲ್ಲ, ಅಷ್ಟಾದಶ ವರ್ಣನೆಯ ಗೋಜಿಲ್ಲ. ಬತ್ತಿದ ಬಾವಿ, ಕಾಲಿನ ಬೊಕ್ಕೆ, ನೀರು ಕೇಳಿದರೆ ಜಾತಿ ಕೇಳುವ ಊರುಗಳು. ಚರಿತ್ರೆ ಬರೆದ ಪಂಡಿತರು ಇದನ್ನು ಕಂಡಿದ್ದರೆ ಅರ್ಧ ಪುಟಕ್ಕೆ ನಿಲ್ಲುತ್ತಿರಲಿಲ್ಲ. ಹುಡುಕಿಕೊಂಡು ಅವರು ಬರಲಿಲ್ಲ, ಕಾಪಾಡಿ ಇವರು ಉಳಿಸಲಿಲ್ಲ. ಯಾರನ್ನು ಹೆಚ್ಚು ಬೈಯಬೇಕೋ ನನಗೆ ಈಗಲೂ ತಿಳಿಯದು.

ದಶಮಿಯ ದಿನ ಅರ್ಧದಷ್ಟು ಕಟ್ಟು ಇನ್ನೂ ಓದದೆ ಉಳಿದಿತ್ತು. ಕಥೆಯ ಹೆಂಗಸು ಹೊಳೆಯ ದಂಡೆಗೆ ಬಂದು ಹರಿಗೋಲಿನವನನ್ನು ಕೂಗುತ್ತಿದ್ದಳು. ಒಳಗೆ ಎಲೆ ಹಾಕಿದರು.

"ಇನ್ನೊಂದು ವಾರ ತಡೆಯಿರಿ," ಎಂದೆ. "ನಿಮ್ಮ ಕಾಲಿಗೆ ಬೀಳುತ್ತೇನೆ."

"ಸಂಕಲ್ಪ ಆಗ್ಯಾದ್ರಿ. ದೇವರಿಗೆ ಹೇಳಿದ ಮಾತು," ಎಂದರು ಆಚಾರ್ಯರು. ಅವರ ತಾಯಿ ಮಗನೊಡನೆ ಜಗಳಕ್ಕೇ ನಿಂತರು. ಅವರ ಮಾತೂ ನಡೆಯಲಿಲ್ಲ.

ಏಕಾದಶಿಯ ಬೆಳಿಗ್ಗೆ ಕಟ್ಟಿಗೆ ಗಂಧ ಹಚ್ಚಿ, ತುಳಸಿ ಏರಿಸಿ, ಹೊಸ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಗಾಡಿಗೆ ಹತ್ತಿಸಿದರು. ಕಸಿದುಕೊಂಡು ಓಡಿಬಿಡಲೇ ಎನಿಸಿತು. ಓಡಲಿಲ್ಲ. ಗಾಡಿ ಹೊಳೆಯ ದಾರಿ ಹಿಡಿದು ತಿರುವಿನಲ್ಲಿ ಮರೆಯಾಗುವವರೆಗೂ ಬೀದಿಯಲ್ಲಿ ನಿಂತಿದ್ದೆ.

ಮರುದಿನ ಪಾರಣೆಯಾದ ಮೇಲೆ ಆಚಾರ್ಯರು ರಾಯಚೂರಿನ ಬಸ್ಸಿನವರೆಗೂ ಕಳಿಸಲು ಬಂದರು. ನಾನು ಅವರೊಡನೆ ಮಾತು ಬಿಟ್ಟಿದ್ದೆ. ದಾರಿಗೆಂದು ಅವಲಕ್ಕಿಯ ಗಂಟು ಕೈಗಿಟ್ಟು, ಬಸ್ಸು ಕೆಮ್ಮುತ್ತಿರುವಾಗ ಕಿಟಕಿಯ ಹತ್ತಿರ ನಿಂತು ಕೇಳಿದರು: "ಅರ್ಧ ಬರಕೊಂಡೀರಲ್ರಿ, ಅದನ್ನ ಅಚ್ಚು ಹಾಕಸ್ತೀರೇನು? ನಮಗೊಂದು ಪ್ರತಿ ಕಳಸ್ರಿ. ಅವ್ವ ದಿನಾ ಕೇಳ್ತಾಳ."

"ಕಳಿಸಿದರೆ, ಅದು ಹರಿದ ದಿನ ಅದನ್ನೂ ಹೊಳೆಗೆ ಹಾಕುತ್ತೀರಲ್ಲ?"

"ಛೇ, ಛೇ," ಎಂದರು, ನನ್ನ ತಿಳಿಗೇಡಿತನಕ್ಕೆ ನೊಂದವರಂತೆ. "ಅಚ್ಚಿನ ಪುಸ್ತಕಕ್ಕ ಭಿನ್ನ ಎಲ್ಲಿದ್ರಿ? ಹರದ್ರ ಅಂಟು ಹಚ್ಚಿ ಓದ್ತೀವಿ."

ಬಸ್ಸು ಹೊರಟಿತು. ಹಿಂತಿರುಗಿ ನೋಡಿದೆ. ಅವರು ಇನ್ನೂ ಕೈ ಮುಗಿದುಕೊಂಡೇ ನಿಂತಿದ್ದರು.